ಹೆಚ್ಚಾದ ಎರಡು ವಾಯರು

ರಿಪೇರಿ ಮುಗಿದ ಮೇಲೆ ಏನಾದರೂ ಉಳಿದರೆ ಅದು ಮೊದಲಿನಿಂದಲೂ ಹೆಚ್ಚೇ ಇತ್ತೆಂದು ನಂಬುವುದು ನಮ್ಮ ಕಸುಬಿನವರ ಚಟ. ಬ್ಯಾಡಗಿಯಲ್ಲಿ ಖಾರ ಕುಟ್ಟುವ ಗಿರಣಿಗಳ ಮೋಟಾರು ರಿಪೇರಿ ಮಾಡುತ್ತ, ಸೀನುತ್ತ ಮುದುಕನಾದವನು ನಾನು. ಉಳಿದ ಸ್ಕ್ರೂಗಳು ಡಬ್ಬಿ ತುಂಬ ಇವೆ. ಗಿರಣಿಗಳು ಇನ್ನೂ ತಿರುಗುತ್ತಿವೆ. ಆದರೆ ಗಿರಣಿ ನೆಲದ ಮೇಲಿರುತ್ತದೆ. ಈ ವಯಸ್ಸಿನಲ್ಲಿ ನಾನು ಕೈಹಾಕಿದ್ದು ನೀರಿನ ಮೇಲಿನ ಮೋಟಾರಿಗೆ.

ರಾಣೆಬೆನ್ನೂರಿನ ಆಚೆ ತುಂಗಭದ್ರೆಯಲ್ಲಿ ದೋಣಿ ನಡೆಸುವ ಹುಸೇನಸಾಬ ಹಳೆಯ ಪರಿಚಯದವನು. ಅವನ ದೋಣಿಯ ಹಿಂಬದಿಗೆ ಸಿಕ್ಕಿಸಿದ ಮೋಟಾರು ನನ್ನ ಮದುವೆಗಿಂತ ಹಳೆಯದು, ಅಷ್ಟೇ ಹಟಮಾರಿ. ಚಾವಿ ಸ್ವಿಚ್ಚು ಸುಟ್ಟಿತ್ತು, ವಾಯರುಗಳನ್ನು ಇಲಿಗಳು ತಿಂದಿದ್ದವು.

"ಕಾಕಾ, ನಾಳೆ ಮುಂಜಾನೆ ಹೆಣ್ಮಕ್ಳು ಕಳೆ ತಗ್ಯಾಕ ಆಚೀ ದಂಡಿಗೆ ಹೋಗಬೇಕ್ರಿ. ಹೆಂಗಾರ ಮಾಡಿ ಚಾಲೂ ಮಾಡಿ ಕೊಡ್ರಿ" ಎಂದ.

ಅದರ ಸ್ವಿಚ್ಚು ಈಗ ಎಲ್ಲಿ ಸಿಗಬೇಕು? ಟ್ರ್ಯಾಕ್ಟರಿನದನ್ನು ತಂದು ಕೂಡಿಸಿದೆ. ಎಲ್ಲ ವಾಯರಿಗೂ ಜಾಗ ಸಿಕ್ಕಿತು, ಗೇರಿನ ಹಿಡಿಕೆಯ ಪೆಟ್ಟಿಗೆಯಿಂದ ಬಂದ ಎರಡನ್ನು ಬಿಟ್ಟು. ಅವೆರಡನ್ನೂ ಹೊಸೆದು, ಟೇಪು ಸುತ್ತಿ ಒಳಗೆ ತುರುಕಿದೆ. ಚಾವಿ ತಿರುಗಿಸಿದರೆ ಮೋಟಾರು ಗುರ್ರೆಂದಿತು. ಚಹಾ ಕುಡಿದು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಹೊಳೆಯಿತು. ಆ ಎರಡು ವಾಯರು ಕಾವಲಿನವು. ಗೇರು ಬಿದ್ದಿರುವಾಗ ಮೋಟಾರು ಚಾಲೂ ಆಗದಂತೆ ತಡೆಯುವುದು ಅವುಗಳ ಕೆಲಸ. ಈಗ ಗೇರು ಬಿದ್ದಿದ್ದರೂ ಚಾಲೂ ಆಗುತ್ತದೆ, ದೋಣಿ ಒಮ್ಮೆಲೇ ಜಿಗಿಯುತ್ತದೆ, ನಿಂತವರು ನೀರಿಗೆ! ಫೋನು ಕಿಸೆಯಲ್ಲೇ ಇತ್ತು. ಹಚ್ಚಲಿಲ್ಲ. ಹುಸೇನಸಾಬ ಶಾಣ್ಯಾ, ಗೇರು ಬಿಡಿಸಿಯೇ ಚಾಲೂ ಮಾಡುತ್ತಾನೆ ಎಂದುಕೊಂಡೆ. ದೊಡ್ಡ ಮಿಸ್ತ್ರಿ ಎಂಬ ಹೆಸರು ಬೇರೆ ಇತ್ತಲ್ಲ, ಅದನ್ನು ಉಳಿಸಿಕೊಳ್ಳಬೇಕಿತ್ತು.

ಮರುದಿನ ಮೊದಲ ಬಸ್ಸಿಗೇ ದಂಡೆಗೆ ಬಂದು ಬೇವಿನ ಮರದ ಕೆಳಗೆ ನಿಂತೆ. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ದೋಣಿ ಹತ್ತಿದರು. ಏಳು ಜನ. ಮರದ ಕೆಳಗೇ ನಿಂತು ಎಣಿಸಿದೆ.

"ಬರ್ರಿ ಕಾಕಾ, ರಿಪೇರಿ ಮಾಡಿದವ್ರು ಮೊದಲನೇ ಸುತ್ತು ಕುಂದರಬೇಕು. ಅದು ನಮ್ಮ ದೋಣಿ ಪದ್ಧತಿ" ಎಂದ ಹುಸೇನಸಾಬ.

"ಏ ಯಜ್ಜಾ, ಲಗೂ ಬಾ! ನಾವೇನ್ ನಿನ್ನ ಕಡಿಯೂದಿಲ್ಲ" ಎಂದಳು ದೋಣಿಯ ಮುಂಭಾಗದಲ್ಲಿ ನಿಂತಿದ್ದ ನೀಲವ್ವ ಎಂಬಾಕೆ.

ಹಲಗೆಯ ಮೇಲೆ ಒಂದು ಕಾಲಿಟ್ಟೆ. ಆಗ ಕಂಡಿತು: ಗೇರಿನ ಹಿಡಿಕೆ ಮುಂದಕ್ಕೆ ಬಿದ್ದಿದೆ, ಹುಸೇನಸಾಬನ ಕೈ ಚಾವಿಯ ಮೇಲಿದೆ.

"ಚಾವಿ ಮುಟ್ಟಬ್ಯಾಡೋ ಹುಸೇನಾ! ತಪ್ಪು ಮಾಡೇನಿ! ಎರಡು ವಾಯರ್ ಮುಚ್ಚಿ ಇಟ್ಟೇನಿ!" ಎಂದು ಕಿರುಚಿದೆ.

ಎಲ್ಲರನ್ನೂ ಇಳಿಸಿ, ಸ್ವಿಚ್ಚಿನಿಂದ ಸ್ಟಾರ್ಟರಿಗೆ ಹೋಗುವ ವಾಯರನ್ನು ಕತ್ತರಿಸಿ, ಹೊಸೆದಿದ್ದ ಕಾವಲಿನ ವಾಯರುಗಳನ್ನು ಬಿಡಿಸಿ ಒಂದೊಂದು ತುದಿಗೆ ಒಂದೊಂದನ್ನು ಕೂಡಿಸಿದೆ. ಅರ್ಧ ತಾಸಿನ ಕೆಲಸ. ಹುಸೇನಸಾಬ ಬೈಯುತ್ತಾನೆಂದು ತಲೆ ತಗ್ಗಿಸಿದರೆ, ನೀಲವ್ವ ತನ್ನ ಬುತ್ತಿ ಬಿಚ್ಚಿ ರೊಟ್ಟಿ ಕೈಗಿಟ್ಟಳು.

"ತನ್ನ ತಪ್ಪು ತಾನ ಹೇಳಾವ್ರು ಈಗ ಎಲ್ಲಿ ಅದಾರ? ಖರೇ ಮನಷ್ಯಾ ನೀ, ತಿನ್ನು ಯಜ್ಜಾ" ಎಂದಳು.

ರೊಟ್ಟಿಯನ್ನು ಮಡಚಿ ಕಿಸೆಗಿಟ್ಟೆ. ಏಳು ಜನ ಹತ್ತುವವರೆಗೂ ಹೊರಬರದ ಸತ್ಯ, ಎಂಟನೆಯವನು ನಾನೇ ಎಂದಾದಾಗ ಬಂದಿತ್ತು. ನನಗೆ ಈಜು ಬಾರದು. ಬರುತ್ತಿದ್ದರೆ ಏನು ಮಾಡುತ್ತಿದ್ದೆನೋ, ಇವತ್ತಿಗೂ ಹೇಳಲಾರೆ.