ಸೀರೆ ಅಂಗಡಿಯ ಕ್ಯಾಮೆರಾ ಫೋನು

ನಮ್ಮ ಅಂಗಡಿಗೆ ಹೊಸ ವಸ್ತು ಯಾವುದು ಬಂದರೂ ಮೊದಲ ಎರಡು ತಿಂಗಳು ಏನಾದರೊಂದು ಫಜೀತಿ ಆಗದೆ ಇರುವುದಿಲ್ಲ. ಗಾಜಿನ ಬಾಗಿಲು ಹಾಕಿಸಿದಾಗ ಅದಕ್ಕೆ ಮೊದಲು ಹಣೆ ಬಡಿದುಕೊಂಡವನು ಗಿರಾಕಿಯಲ್ಲ, ಹಾಕಿಸಿದ ನಾನೇ. ಎರಡು ಸಾವಿರದ ಆರೋ ಏಳೋ ಇಸವಿ, ಲಗ್ನದ ಸೀಜನ್ ಶುರುವಾಗುವ ಮುಂಚೆ ಕ್ಯಾಮೆರಾ ಇರುವ ದೊಡ್ಡ ಫೋನು ತಂದಾಗಲೂ ಹಾಗೇ ಆಯಿತು.

ಫೋನು ಮಾತ್ರ ಅಪ್ಪಟ ಮಾಲು. ಇಷ್ಟು ವರ್ಷ ಸೀರೆ ಮಾರಿದವನಿಗೆ ಕೈಗೆ ಬಂದದ್ದು ಛಲೋದೋ ಸುಮಾರೋ ಅಂತ ತಿಳಿಯುತ್ತದೆ. ನಮ್ಮ ದಂಧೆಯಲ್ಲಿ ಮೈ ಮುರಿಯುವ ಕೆಲಸವೆಂದರೆ ಬಿಚ್ಚಿದ ಸೀರೆ ಮಡಚುವುದು. ಐವತ್ತು ಸೀರೆ ಬಿಚ್ಚಿಸಿ "ಮತ್ತ ಬರ್ತೇವ್ರಿ" ಅಂತ ಎದ್ದು ಹೋಗುವವರಿಗೆ ಮೊದಲು ಫೋಟೋ ತೋರಿಸಿದರೆ ನಲವತ್ತು ಮಡಿಕೆ ಉಳಿಯಿತಲ್ಲ?

ಗಾದಿಯ ಮೇಲೆ ಕೂಡುವ ನಮ್ಮಣ್ಣನಿಗೆ ಇದು ಒಪ್ಪಿಗೆಯಾಗಲಿಲ್ಲ.

"ಸೀರಿ ಕೈಯಾಗ ಹಿಡದು ನೋಡೂದೋ, ಡಬ್ಬ್ಯಾಗ ನೋಡೂದೋ? ಈ ಸೀಜನ್ ಮುಗಿಯೂದ್ರೊಳಗ ಇದರಿಂದ ಒಂದರ ಬಸ್ತಾ ತಂದು ತೋರಸು. ಬರಲಿಲ್ಲಂದ್ರ ಫೋನು ನನ್ನ ಮಗಳಿಗೆ. ನೀ ನಿನ್ನ ಹಳೇದನ್ನ ಹಿಡಕೊಂಡು ಅಡ್ಡಾಡು."

ಬಸ್ತಾ ಅಂದರೆ ಮದುವೆ ಗೊತ್ತಾದ ಮನೆಯವರು ಬೀಗರನ್ನೂ ಕರೆದುಕೊಂಡು ಬಂದು, ಒಂದೇ ದಿನ ಒಂದೇ ಅಂಗಡಿಯಲ್ಲಿ ಎಲ್ಲರ ಜವಳಿ ತೆಗೆಯುವುದು. ಒಂದು ಬಸ್ತಾ ಬಂದರೆ ಅವತ್ತು ಊಟಕ್ಕೂ ಏಳುವಂತಿಲ್ಲ. ನಾನು ಹೂಂ ಅಂದೆ.

ಯಾರ ತಲಿ ಇದು?

ಈ ಕ್ಯಾಮೆರಾಕ್ಕೆ ಒಂದು ಗುಣವಿತ್ತು. ಗುಂಡಿ ಒತ್ತಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ವಿಚಾರ ಮಾಡಿ ಆಮೇಲೆ ಫೋಟೋ ತೆಗೆಯುತ್ತಿತ್ತು. ನಮ್ಮ ಮಂದಿಗೆ ಅಷ್ಟು ಪುರುಸೊತ್ತು ಎಲ್ಲಿಯದು? ಒತ್ತಿದ ಕೂಡಲೇ "ಆತೇನ್ರಿ?" ಅಂತ ಎದ್ದುಬಿಡುತ್ತಿದ್ದರು. ಮೊದಲ ವಾರ ನನ್ನ ಫೋನಿನಲ್ಲಿ ಮುಖಕ್ಕಿಂತ ಬೆನ್ನೇ ಹೆಚ್ಚು. ಆದರೆ ಬೆನ್ನು ಬಂದದ್ದು ಎಷ್ಟು ಸ್ವಚ್ಛ ಅಂತೀರಿ! ಅಂಗಿಯ ಹೊಲಿಗೆ ಎಣಿಸಬಹುದಿತ್ತು.

ಅಣ್ಣ ಗಾದಿಯ ಮೇಲೆ ಠೀವಿಯಿಂದ ಕೂತಿದ್ದಾಗ ಒಂದು ತೆಗೆದೆ. ಅಷ್ಟರಲ್ಲಿ ಚಹಾ ಬಂತು, ಆತ ಹಿಂದೆ ತಿರುಗಿದ. ಫೋಟೋ ತೋರಿಸಿದೆ.

"ಯಾರೋ ಈ ಬೋಳ ತಲಿಯಂವ? ನನ್ನ ಗಾದಿ ಮ್ಯಾಲ ಯಾರನ್ನ ಕುಂಡ್ರಿಸಿದ್ದಿ?"

"ನೀನ ಅಣ್ಣಾ."

ಆತನ ಕೈ ಮೆಲ್ಲಗೆ ತಲೆಯ ಹಿಂದಕ್ಕೆ ಹೋಯಿತು.

"ಕ್ಯಾಮೆರಾ ಛಲೋ ಇಲ್ಲ," ಅಂದ. ಮರುದಿನದಿಂದ ಟೋಪಿ ಹಾಕಿಕೊಂಡು ಅಂಗಡಿಗೆ ಬರತೊಡಗಿದ.

ಖಚಕ್

ಎದುರಿನ ಜವಳಿ ಅಂಗಡಿಯವರು ಹೊಸ ಮಾಲು ಹಾಕಿದ್ದಾರೆಂದು ಸುದ್ದಿ ಬಂತು. ಮೊದಲಾದರೆ ಯಾರನ್ನಾದರೂ ಕಳಿಸಿ, ಅವರು ಬಂದು ಹೇಳಿದ್ದನ್ನು ಅರ್ಧ ನಂಬಬೇಕಿತ್ತು. ಈಗ ಫೋನಿದೆಯಲ್ಲ. ಕ್ಷೇಮ ಸಮಾಚಾರ ಕೇಳುವವನಂತೆ ಹೋಗಿ ಕೂತೆ. ಅವರು ಕೊಟ್ಟ ಚಹಾ ಕುಡಿಯುತ್ತ, ಮಾತಾಡುತ್ತಲೇ ಫೋನನ್ನು ತೊಡೆಯ ಮೇಲಿಟ್ಟು ಗುಂಡಿ ಒತ್ತಿದೆ.

ಈ ಫೋನಿನ ಖಚಕ್ ಸದ್ದನ್ನು ಬಂದ್ ಮಾಡಲು ಬರುವುದಿಲ್ಲ ಅಂತ ನನಗೆ ಗೊತ್ತಾದದ್ದು ಆವಾಗ. ಅದೂ ಎಂಥ ಸದ್ದು! ಮದುವೆ ಫೋಟೋಗ್ರಾಫರನ ಕ್ಯಾಮೆರಾ ಸುಮ್ಮನಿರಬೇಕು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನನ್ನ ಕಡೆ ತಿರುಗಿದರು.

ಅಂಗಡಿಯವರು ಮಾತ್ರ ಗಾಬರಿಯಾಗಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು, ಕಪಾಟಿನ ಮುಂದೆ ನೆಟ್ಟಗೆ ನಿಂತು ಹೇಳಿದರು: "ಇನ್ನೊಂದು ತಗೀರಿ ಕಾಕಾ. ಅದರಾಗ ನಾ ಬಂದಿಲ್ಲ."

ಮುಂಬೈ ಕೆಂಪು

ಟ್ಯೂಬ್‌ಲೈಟಿನ ಕೆಳಗೆ ಈ ಕ್ಯಾಮೆರಾಕ್ಕೆ ಕೆಂಪು ಬಣ್ಣ ಸರಿ ಕಾಣುತ್ತಿರಲಿಲ್ಲ. ಕುಂಕುಮ ಬಣ್ಣದ ಇಳಕಲ್ ಸೀರೆಯೊಂದರ ಫೋಟೋ ತೆಗೆದಿಟ್ಟಿದ್ದೆ. ಸೀರೆ ಮಾರಾಟವಾಯಿತು. ನೇಕಾರರು ಬಂದಾಗ ಫೋಟೋ ತೋರಿಸಿ, "ಇಂಥಾವ ಇಪ್ಪತ್ತು ನೇಯ್ದು ಕೊಡ್ರಿ" ಅಂದೆ. ಅವರು ಫೋನನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಹತ್ತು ನಿಮಿಷ ನೋಡಿ ತಲೆ ಆಡಿಸಿ ಹೋದರು.

ಮಾಲು ಬಂದಾಗ ಗಂಟು ಬಿಚ್ಚಿ ನೋಡಿದೆ. ಗುಲಾಬಿಯೂ ಅಲ್ಲ, ನೇರಳೆಯೂ ಅಲ್ಲ; ನಾನು ಹುಟ್ಟಿದಾಗಿನಿಂದ ಕಾಣದ ಬಣ್ಣ.

"ಇದೇನ್ರಿ ಇದು?"

"ನೀವ ತೋರಿಸಿದ್ದರೀ," ಅಂದರು ನೇಕಾರರು. "ಈ ಬಣ್ಣ ಹಿಡಿಯಾಕ ನೂಲು ಮೂರು ಸರ್ತಿ ಅದ್ದೇವಿ."

ಫೋನಿನಲ್ಲಿದ್ದ ಹಳೆಯ ಫೋಟೋ ತೆರೆದು ಸೀರೆಯ ಪಕ್ಕದಲ್ಲಿ ಹಿಡಿದೆ. ಕೂದಲೆಳೆಯಷ್ಟೂ ಫರಕಿಲ್ಲ. ರೊಕ್ಕ ಎಣಿಸಿ ಕೊಟ್ಟೆ.

ಎಂಟೇ ದಿನದಲ್ಲಿ ಇಪ್ಪತ್ತೂ ಖಾಲಿ. ಕಮರಿಪೇಟೆಯ ಒಬ್ಬಾಕೆ, "ಈ ಬಣ್ಣಕ್ಕ ಏನಂತಾರ್ರಿ?" ಅಂತ ಕೇಳಿದಾಗ ಅಣ್ಣ ಕಣ್ಣು ಮಿಟುಕಿಸದೆ "ಮುಂಬೈ ಕೆಂಪು ರೀ" ಅಂದುಬಿಟ್ಟ. ಆಕೆ ಹೋದ ಮೇಲೆ ನನ್ನ ಕಡೆ ತಿರುಗಿ, "ಸೀರಿ ಹೋದವು, ಖರೇ. ಬಸ್ತಾ ಎಲ್ಲಿ?" ಅಂದ.

ಎದುರಿನ ಅಂಗಡಿಯವರು ಮುಂಬೈಗೆ ಹೋಗಿ, ಮೂರು ದಿನ ಆ ಕೆಂಪು ಹುಡುಕಿ ಬಂದರಂತೆ.

ಶಿರಗುಪ್ಪಿಯ ಆಯಿ

ಸೀಜನ್ ಮುಗಿಯಲು ಮೂರೇ ವಾರ ಉಳಿದಿತ್ತು. ಶಿರಗುಪ್ಪಿಯಿಂದ ಒಂದು ಟೆಂಪೋ ತುಂಬ ಮಂದಿ ಬಸ್ತಾಕ್ಕೆ ಬಂದರು. ಎಲ್ಲರಿಗೂ ಎಲ್ಲ ಮನಸ್ಸಿಗೆ ಬಂತು. ಮದುಮಗಳ ಸೀರೆಯ ಹತ್ತಿರ ಬಂದಾಗ ಆಕೆಯ ಕಾಕಾ ಎದ್ದು ನಿಂತರು.

"ಇದಕ್ಕ ನಮ್ಮ ಆಯಿ ಹೂಂ ಅನ್ನಬೇಕರಿ. ಆಕಿ ಕಾಲು ಉಳುಕಿಸಿಕೊಂಡು ಮನ್ಯಾಗ ಕುಂತಾಳ. ಆಕಿ ಒಪ್ಪದ ಒಂದು ಕುಪ್ಪಸದ ಖಣಾನೂ ಒಯ್ಯಂಗಿಲ್ಲ. ಮುಂದಿನ ವಾರ ಕರಕೊಂಡು ಬರ್ತೇವಿ."

ಆಯಿ ಅಂದರೆ ಆ ಮನೆಯ ಹಿರಿಯ ಅಜ್ಜಿ. ಮುಂದಿನ ವಾರ ಅಂದರೆ ಬೇರೆ ಅಂಗಡಿ ಅಂತ ಎಲ್ಲ ವ್ಯಾಪಾರಿಗಳಿಗೂ ಗೊತ್ತು. ಅಣ್ಣ ಟೋಪಿ ಸರಿಪಡಿಸಿಕೊಂಡು ನನ್ನನ್ನೇ ನೋಡುತ್ತಿದ್ದ.

"ಆಯಿ ಬರೂದು ಬ್ಯಾಡ್ರಿ, ಸೀರೀನ ಆಕಿ ಕಡೆ ಹೋಗಲಿ," ಅಂದೆ. ಮದುಮಗಳ ಹೆಗಲಿಗೆ ಸೀರೆ ಹೊದಿಸಿ, ಬಾಗಿಲ ಬಿಸಿಲಲ್ಲಿ ನಿಲ್ಲಿಸಿ, ಗುಂಡಿ ಒತ್ತಿದ ಮೇಲೂ ಅಲುಗಬೇಡ ಅಂತ ಹೇಳಿ ಫೋಟೋ ತೆಗೆದೆ. ಮೂರ್ತಿಯ ಹಾಗೆ ಬಂತು! ಕಾಕಾ ನನ್ನ ಫೋನು ಕಿಸೆಯಲ್ಲಿಟ್ಟುಕೊಂಡು ಮೋಟಾರ್ ಸೈಕಲ್ ಹತ್ತಿದರು.

ಒಂದು ತಾಸಿನ ಮೇಲೆ ತಮ್ಮ ಸಾದಾ ಮೊಬೈಲಿನಿಂದ ಅಂಗಡಿಗೆ ಫೋನ್ ಮಾಡಿದರು. "ಆಯಿ ಒಪ್ಪಿದಳ್ರಿ! ಫೋಟೋನ ಹೆಬ್ಬಟ್ಟಿನಿಂದ ಮೂರು ಸಲ ತಿಕ್ಕಿ ನೋಡಿ, ಬಟ್ಟಿ ಭಾಳ ನುಣ್ಣಗ ಐತಿ ಅಂದಳು. ಎಲ್ಲಾ ಕಟ್ಟರಿ."

ನಾನು ಅಣ್ಣನ ಕಡೆ ನೋಡಿ ಮೀಸೆ ತಿರುವಿದೆ. ಆದರೆ ಅತ್ತ ಕಡೆ ಮಾತು ಮುಗಿದಿರಲಿಲ್ಲ.

"ಒಂದ ಅಡಚಣಿ ಆಗೇತ್ರಿ. ಮದುವಿ ಸೀರಿ ಒಪ್ಪಿದ ಕೂಡಲೇ ಅರಿಷಿಣ ಕುಂಕುಮ ಹಚ್ಚಿ ದೇವರ ಜಗಲಿ ಮ್ಯಾಲ ಇಡೂದು ನಮ್ಮ ಮನಿ ಪದ್ಧತಿ. ಆಯಿ ನಿಮ್ಮ ಫೋನಿಗೆ ಹಚ್ಚಿ ಇಟ್ಟುಬಿಟ್ಟಾಳ. ಜಗಲಿ ಏರಿದ್ದು ಲಗ್ನ ಮುಗಿಯೂತನಕ ಹೊಸ್ತಿಲ ದಾಟಂಗಿಲ್ಲ ಅಂತಾಳ."

ಲಗ್ನಕ್ಕೆ ಹದಿನೆಂಟು ದಿನ ಇತ್ತು.

ಅಣ್ಣನಿಗೆ ಹೇಳಿದೆ. ಆತ ಶಾಂತವಾಗಿ, "ಗೆದ್ದಿ ಬಿಡಪಾ. ಫೋನು ನಿಂದ. ಒಂಚೂರು ತಗದು ತೋರಸು ನೋಡೂಣು," ಅಂದ.

ಮರುದಿನ ಅಂಗಡಿಯಿಂದ ನನ್ನ ನಂಬರಿಗೇ ಮಾಡಿ ನೋಡಿದೆ. ಆ ಮನೆಯ ಸೊಸೆ ಎತ್ತಿ, "ಈಗ ಅದಕ್ಕ ಹೂ ಏರಿಸ್ಯಾರ್ರಿ, ಆಮ್ಯಾಲ ಮಾಡ್ರಿ," ಅಂತ ಇಟ್ಟುಬಿಟ್ಟಳು. ಮೂರನೆಯ ದಿನ ಚಾರ್ಜು ಮುಗಿದು ಅದೂ ಮೌನವಾಯಿತು.

ಲಗ್ನಕ್ಕೆ ಹೋದೆ. ಹೋಗದೆ ಏನು ಮಾಡಲಿ? ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಆಯಿ ಕುಂಟುತ್ತ ಬಂದು ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆಯ ನಡುವೆ ಫೋನಿಟ್ಟು ನನ್ನ ಕೈಗೆ ಕೊಟ್ಟಳು. ಅತ್ತ ಮದುಮಗಳು ನಮ್ಮ ಅಂಗಡಿಯ ಸೀರೆಯುಟ್ಟು ಝಗಝಗಿಸುತ್ತಿದ್ದಳು.

"ಸೀರಿ ಹೆಂಗೈತ್ರಿ ಆಯಿ?" ಅಂತ ಅಭಿಮಾನದಿಂದ ಕೇಳಿದೆ.

ಆಯಿ ಆಚೀಚೆ ನೋಡಿ, ನನ್ನ ಮರ್ಯಾದೆ ಉಳಿಸುವವಳಂತೆ ದನಿ ತಗ್ಗಿಸಿದಳು.

"ಛಲೋ ಐತಿ, ಸಾವ್ಕಾರ್ರ. ಮಂದಿ ಮುಂದ ನಾ ಏನೂ ಅನ್ನಂಗಿಲ್ಲ. ಆದ್ರ ಮೊದಲ ಕಳಿಸಿದ್ದು ಇದಕ್ಕಿಂತ ಭಾಳ ನುಣ್ಣಗಿತ್ತು. ಮಾಲು ಬದಲಿ ಮಾಡಿದ್ರಿ, ಹೌದಿಲ್ಲೋ?"