ಮಾಮಾನ ಮಿಲ್ಲಿನ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದು

ಕಂಪ್ಯೂಟರ್ ಕೆಡುವ ಕಾರಣ ಅದರೊಳಗೇ ಇರುತ್ತದೆ ಎಂದು ನಂಬುವವರು ನಮ್ಮ ಕಡೆ ಒಂದು ದಿನವೂ ರಿಪೇರಿ ಮಾಡಿದವರಲ್ಲ. ನಾನು ಹೊಸಪೇಟೆಯಲ್ಲಿ ದಿನಾ ಮಾಡುತ್ತೇನೆ. ದಿನಾ ಸಿಟ್ಟು ಬರುತ್ತದೆ. ಆದರೆ ಕಂಪ್ಲಿಯ ಮಾಮಾನಷ್ಟು ಸಿಟ್ಟು ಬರಿಸಿದವರಿಲ್ಲ.

ಮಾಮಾ ಎಂದರೆ ನಮ್ಮವ್ವನ ತಮ್ಮ, ಅಕ್ಕಿ ಮಿಲ್ಲಿನ ಮಾಲೀಕ. ಅವರ ಮಗಳನ್ನು ನನಗೆ ಕೇಳಲು ಅವ್ವ ಹೋದಾಗ, "ಮೊದ್ಲು ನಮ್ಮ ಮಿಲ್ಲಿನ ಕಂಪ್ಯೂಟರ್ ನಡಸ್ಲಿ. ಆಮ್ಯಾಲ ಮಾತು" ಅಂದಿದ್ದರು. ಅದು ಹಳೆಯ ಪೆಟ್ಟಿಗೆ, ವಿಂಡೋಸ್ ಏಳುತ್ತಲೇ ಇರಲಿಲ್ಲ. ಹಾಗಾಗಿ ಲಿನಕ್ಸ್. ಲಿನಕ್ಸೂ ವಿಂಡೋಸಿನಂತೆ ಕಂಪ್ಯೂಟರ್ ನಡೆಸುವ ವ್ಯವಸ್ಥೆಯೇ, ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಎಂದರೆ ಕೆಟ್ಟದ್ದು ಅಂತಲ್ಲ. ಇದನ್ನು ಮಾಮಾನಿಗೂ ಹೇಳಿದ್ದೆ.

೧. ಪೆನ್ ಡ್ರೈವ್

ಲಿನಕ್ಸನ್ನು ಪೆನ್ ಡ್ರೈವಿಗೆ ತುಂಬಿ ಕಂಪ್ಯೂಟರಿಗೆ ಚುಚ್ಚಬೇಕು. ಚುಚ್ಚಿದರೆ ಒಳಗೇ ಹೋಗದು. ಬೇರೆ ಪೆನ್ ಡ್ರೈವ್ ತಂದೆ. ಅದೂ ಹೋಗದು. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ತೂತಿನೊಳಗೆ ಮುರಿದ ಊದಿನಕಡ್ಡಿ!

"ಮಾಮಾ, ಇದೇನ್ರಿ?"

"ಆಯುಧ ಪೂಜಿಗೆ ಹಚ್ಚಿದ್ದಲೇ."

"ಇದು ಊದಿನಕಡ್ಡಿ ಚುಚ್ಚೋ ಜಾಗ ಏನ್ರಿ?"

"ಮತ್ತ? ಕಂಪನಿಯೋರು ಅಷ್ಟು ಅಳತಿ ಮಾಡಿ ತೂತು ಯಾಕ ಬಿಟ್ಟಾರ?"

೨. ರಾಹುಕಾಲ

ಚಿಮಟದಿಂದ ಕಡ್ಡಿ ಕಿತ್ತು ಇನ್‌ಸ್ಟಾಲ್ ಶುರು ಮಾಡಿದೆ. ನಡುವೆ ಕರೆಂಟ್ ಹೋಗಬಾರದು; ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇನ್ನೇನು ಮುಗಿಯಬೇಕು, ಪರದೆ ಕಪ್ಪಾಯಿತು. ತಿರುಗಿದರೆ ಮಾಮಾನ ಕೈ ಸ್ವಿಚ್ಚಿನ ಮೇಲೆ.

"ರಾಹುಕಾಲ ಬಂತಲೇ. ಹೊಸ ಕೆಲಸ ಬ್ಯಾಡ."

"ಶುರು ಮಾಡಿದ್ದು ಅದಕ್ಕಿಂತ ಮುಂಚೇನ್ರಿ!"

"ಮುಗಿಯೋದು ಅದರಾಗ ಆಗ್ತಿತ್ತಲ್ಲ."

ನಾನು ಹಲ್ಲು ಕಡಿದೆ. "ಅಲ್ಲಿ ಮಿಲ್ಲು ಗಡಗಡ ಅಂತೈತಲ್ಲ, ಅದಕ್ಕಿಲ್ಲೇನ್ರಿ ರಾಹುಕಾಲ?"

"ಅದು ನಮ್ಮಪ್ಪನ ಕಾಲದ್ದು. ರಾಹುಗ ಗುರುತೈತಿ."

೩. ತೀರ್ಥ

ರಾಹುಕಾಲ ಕಳೆದ ಮೇಲೆ ಮತ್ತೆ ಮೊದಲಿನಿಂದ ಹಾಕಿದೆ. ಈ ಸಲ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಿದ್ದೆ. ಲಿನಕ್ಸ್ ಬಂತು! ಪರದೆಯ ಮೇಲೆ ಕನ್ನಡವೂ ಮೂಡಿತು. ಮಾಮಾನ ಮಗಳು ಚಹಾ ತಂದವಳು ನೋಡಿ ನಕ್ಕಳು. ನನ್ನ ಮದುವೆ ಆದಂತೆಯೇ ಎಂದುಕೊಂಡೆ.

ಮಾಮಾನಿಗೆ ಖುಷಿ ತಡೆಯಲಾಗಲಿಲ್ಲ. ನಾನು ಚಹಾ ಬಾಯಿಗಿಡುವಷ್ಟರಲ್ಲಿ ತೆಂಗಿನಕಾಯಿ ಒಡೆದು, ಅದರ ನೀರನ್ನು ಪೆಟ್ಟಿಗೆಯ ತಲೆ ಮೇಲೆಯೇ ಸುರಿದರು. ಪೆಟ್ಟಿಗೆಯ ಮೇಲೆ ಗಾಳಿಯಾಡಲು ತೂತುಗಳಿರುತ್ತವೆ. ಟಪ್ ಅಂತು. ಹೊಗೆ ಬಂತು.

"ನಿನ್ನ ಲಿನಕ್ಸ್ ಒಂದು ಪೂಜಿ ತಡೀಲಿಲ್ಲಲೇ! ಪುಕ್ಕಟೆದ್ದು ಅಂದ್ರ ಇಷ್ಟ. ನಿನಗ ಹೆಂಗ ಮಗಳನ್ನ ಕೊಡ್ಲಿ?"

ಅಷ್ಟು ಹೊತ್ತು ತಡೆದ ಸಿಟ್ಟು ಒಡೆಯಿತು. "ಪೂಜೆ ಮಾಡ್ರಿ ಮಾಮಾ, ಯಾರು ಬ್ಯಾಡಂದ್ರು? ಸ್ನಾನ ಯಾಕ ಮಾಡಿಸ್ತೀರಿ!"

ಮಿಲ್ಲಿನ ಹಮಾಲರೆಲ್ಲ ಚೀಲ ಕೆಳಗಿಟ್ಟು ನನ್ನನ್ನೇ ನೋಡಿದರು. ಮಾಲೀಕರ ಮೇಲೆ ಅಲ್ಲಿ ಯಾರೂ ಕೂಗಿದ್ದಿಲ್ಲ. ಮಾಮಾನ ಮೀಸೆ ಅದುರಿತು. ನನ್ನ ಮದುವೆ ಮುಗಿಯಿತು, ಅಂದರೆ ಆಗದೆಯೇ ಮುಗಿಯಿತು ಎಂದುಕೊಂಡೆ.

ಆಗ ಮಗಳು ನನ್ನ ಚಹಾ ಲೋಟ ಎತ್ತಿಕೊಳ್ಳುತ್ತ ಅಂದಳು:

"ಅಪ್ಪಾ, ನನ್ನ ಧಾರಿ ಎರಿಯೋವಾಗ ನೀರು ಸ್ವಲ್ಪ ಹಾಕು. ಇವ್ರೂ ಹಿಂಗ ಸುಟ್ಟುಹೋದ್ರ, ಮತ್ತ ಇನ್‌ಸ್ಟಾಲ್ ಮಾಡೋರು ಯಾರು?"