ಸಿಸ್ಟರ್ ಎಮೀಲಿಯಾ ಕೊಟ್ಟ ಬಾಟಲಿ

ಇವತ್ತೂ ಎಂದಿನಂತೆ ಐದೂವರೆಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ, ಅತ್ತೆಯವರ ಪೂಜೆಗೆ ಹೂವು, ವಿಭೂತಿ ಜೋಡಿಸಿಟ್ಟೆ, ರೊಟ್ಟಿ ಬಡಿಯಲು ಕುಳಿತೆ. ಮೂರನೆಯ ರೊಟ್ಟಿ ಉಬ್ಬುವಾಗ ನೆನಪಾಯಿತು: ನನಗೆ ಐವತ್ತು ತುಂಬಿತ್ತು. ಮನೆಯಲ್ಲಿ ಬೇರೆ ಯಾರಿಗೂ ನೆನಪಿರಲಿಲ್ಲ. ಯಜಮಾನರು ತಟ್ಟೆಯಿಂದ ತಲೆಯೆತ್ತಿ, "ಪಲ್ಯಾಕ ಉಪ್ಪು ಕಮ್ಮಿ ಆಗೈತಿ ನೋಡು" ಎಂದು ಅಂಗಡಿಗೆ ಹೋದರು.

ಸಿಂಧನೂರಿನ ನಮ್ಮ ಮನೆಗೆ ಬಂದವರಿಗೆ ಚಹಾಕ್ಕೂ ಮೊದಲು ಮುತ್ತಜ್ಜಿಯ ಉಪ್ಪಿನಕಾಯಿ ಭರಣಿಯ ದರ್ಶನವಾಗುತ್ತದೆ. ನಾಲ್ಕು ತಲೆಮಾರಿನದಂತೆ. ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷವಾದರೂ ಅದನ್ನು ಮುಟ್ಟುವ ಹಕ್ಕು ನನಗೆ ಬಂದಿಲ್ಲ. ಅದಕ್ಕಿಂತ ಹಳೆಯ ಮನೆತನದ ವಸ್ತುವೊಂದು ನನ್ನ ಬಳಿಯೂ ಇತ್ತು. ಅದು ಜೋಳದ ಡ್ರಮ್ಮಿನ ತಳದಲ್ಲಿ, ಹಳೇ ಸೀರೆಯ ಒಳಗಿತ್ತು.

ಕಾನ್ವೆಂಟಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಎಮೀಲಿಯಾ ಪೋರ್ಚುಗಲ್ಲಿನವರು. ಅವರ ತವರಿನಲ್ಲಿ ಐದು ತಲೆಮಾರಿನಿಂದ ವೈನ್ ಮಾಡುತ್ತಿದ್ದರಂತೆ. ಸುಗ್ಗಿಯಲ್ಲಿ ಮನೆಮಂದಿಯೆಲ್ಲ ಹೆಗಲಿಗೆ ಹೆಗಲು ಕೊಟ್ಟು ಕಲ್ಲಿನ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವುದು. ಮೊಣಕಾಲಿನ ಕೆಂಪು ವಾರಗಟ್ಟಲೆ ಹೋಗುತ್ತಿರಲಿಲ್ಲವಂತೆ. ಹೆಣ್ಣು ಹುಟ್ಟಿದರೆ ಆ ವರ್ಷದ ವೈನಿನ ಒಂದು ಬಾಟಲಿಗೆ ಅವಳ ಹೆಸರು ಬರೆದು ನೆಲಮಾಳಿಗೆಯಲ್ಲಿ ಇಡುವರು. ಮದುವೆಯ ದಿನ ಅವಳೇ ತೆರೆಯಬೇಕು. ಸಿಸ್ಟರ್ ಮದುವೆಯಾಗಲಿಲ್ಲ. ಲಿಂಗಸುಗೂರಿನಲ್ಲಿ ನಡೆದ ನನ್ನ ಮದುವೆಗೆ ಬಂದು ತಮ್ಮ ಹೆಸರಿನ ಬಾಟಲಿಯನ್ನು ನನ್ನ ಕೈಗಿಟ್ಟು, "ಇದು ನನ್ನ ದಿನ ಅಂತ ಅನ್ನಿಸಿದಾಗ ತೆರೆ" ಎಂದಿದ್ದರು.

ಅಂದು ಶೀಶೆ ಕಂಡು ಹುಬ್ಬೇರಿಸಿದ ಅತ್ತೆಗೆ ಗಾಬರಿಯಲ್ಲಿ, "ಮೊಣಕಾಲು ನೋವಿಗೆ ಹಚ್ಚೋ ಔಷಧರೀ" ಎಂದುಬಿಟ್ಟೆ. ಸುಳ್ಳು ಹೇಳಬಾರದೆಂದು ಕಲಿಸಿದವರ ಮಾನ ಕಾಯಲು ಸುಳ್ಳು.

ಸಿಸ್ಟರ್ ಹೇಳಿದ ಆ ದಿನ ಇವತ್ತೇ ಎಂದು ತೀರ್ಮಾನಿಸಿದೆ. ಒಂದೇ ಒಂದು ಚಮಚ. ಡ್ರಮ್ಮಿನಲ್ಲಿ ಭುಜದವರೆಗೆ ಕೈ ಇಳಿಸಿದೆ. ಸೀರೆ ಸಿಕ್ಕಿತು, ಬಾಟಲಿ ಇಲ್ಲ.

"ನಿನ್ನ ಔಷಧ ಹುಡುಕಾಕತ್ತೀಯೇನು?" ಅತ್ತೆ ಕಟ್ಟೆಯ ಮೇಲಿಂದ ಕೇಳಿದರು. "ನಿನ್ನೆ ಜ್ವಾಳ ತಗಿಯಾಗ ಸಿಕ್ತವಾ. ಬಿರಡಿ ಬಿಚ್ಚೋದರಾಗ ಜೀವ ಹೋತು. ವಾಸನಿ ಹೊಲಸು, ಗುಣ ಮಾತ್ರ ಛಲೋ. ನನ್ನ ಕಾಲಿಗೆ ತಿಕ್ಕೊಂಡೆ, ಉಳಿದಿದ್ದು ಎಮ್ಮಿ ಬಾತ ಕಾಲಿಗೆ ಸುರುವೀನಿ."

ಅತ್ತೆಯ ಮೊಣಕಾಲು ಕೆಂಪಾಗಿತ್ತು, ತೊಟ್ಟಿಯಿಂದ ಈಗಷ್ಟೇ ಎದ್ದು ಬಂದವರಂತೆ. ಐದು ತಲೆಮಾರಿನ ಹೆಣ್ಣುಮಕ್ಕಳ ಸಾಲಿಗೆ ಕೊನೆಗೂ ಸೇರಿದವರು ಅವರು ಮತ್ತು ಎಮ್ಮೆ. ನಾನು ಮಾಡಿದ್ದಿಷ್ಟೇ: "ನೋವು ಕಮ್ಮಿ ಆತೇನ್ರೀ?" ಎಂದು ಕೇಳಿದೆ.

ಸಂಜೆ ಪಕ್ಕದ ಮನೆಯ ಶಾಂತಮ್ಮ ಹೆಪ್ಪಿಗೆ ಮೊಸರು ಕೇಳಲು ಬಂದವಳು ಖಾಲಿ ಬಾಟಲಿ ಎತ್ತಿ ನೋಡಿದಳು. "ಅಕ್ಕಾ, ಫಿನಾಯಿಲ್ ಹಾಕಾಕ ಇದನ್ನ ಒಯ್ಯಲೇನ್ರೀ?"

ಸಿಸ್ಟರ್ ಹೆಸರಿದ್ದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದುಕೊಂಡು, "ಒಯ್ಯವಾ" ಎಂದೆ.

"ಇಪ್ಪತ್ತೇಳು ವರ್ಷ ಇಟ್ಟಿದ್ಲು, ಒಂಚೂರೂ ಕೆಟ್ಟಿಲ್ಲ ನೋಡು!" ಎಂದು ಅತ್ತೆ ಅಪರೂಪಕ್ಕೆ ನನ್ನನ್ನು ಹೊಗಳಿದರು.

ಶಾಂತಮ್ಮ ಹೊಸ್ತಿಲು ದಾಟುತ್ತಾ ಅಂದಳು: "ಎಲ್ಲಿಂದ ಕೆಡಬೇಕ್ರೀ? ಅಕ್ಕಾರು ಏನರ ಹೊರಗ ತಗದ್ರ ತಾನ!"